ಲೆಕ್ಕ ಬಲ್ಲ ದಾದಿ

ನಾನು ಏಳನೆಯ ತರಗತಿಯಲ್ಲಿದ್ದಾಗ ನನ್ನ ಅಕ್ಕ ನರ್ಸಿಂಗ್ ತರಬೇತಿಗೆ ಸೇರಿದಳು. ಸೇರಿದ ಕೆಲವು ತಿಂಗಳಿಗೆ ಅವರ ಶಾಲೆಯಲ್ಲಿ ದೀಪ ಬೆಳಗುವ ಸಮಾರಂಭ ನಡೆಯಿತು. ಅಪ್ಪನ ಜೊತೆಯಲ್ಲಿ ನಾನೂ ಹೋಗಿದ್ದೆ. ಬಿಳಿಯ ಉಡುಪು ತೊಟ್ಟ ಹುಡುಗಿಯರು ಸಾಲಾಗಿ ಬಂದು, ವೇದಿಕೆಯ ಮೇಲಿದ್ದ ಒಂದು ಭಾವಚಿತ್ರಕ್ಕೆ ತಲೆಬಾಗಿ, ಒಬ್ಬರ ದೀಪದಿಂದ ಒಬ್ಬರು ದೀಪ ಹೊತ್ತಿಸಿಕೊಂಡು ಪ್ರತಿಜ್ಞೆ ಸ್ವೀಕರಿಸಿದರು. ಚಿತ್ರದಲ್ಲಿದ್ದವಳು ತಲೆಗೆ ಬಿಳಿಯ ಟೋಪಿ ಧರಿಸಿದ ಆಂಗ್ಲ ಮಹಿಳೆ. ಕೈಯಲ್ಲಿ ಒಂದು ದೀಪ. ಅದು ಯಾವ ದೇವರೆಂದು ಅಪ್ಪ ಪಕ್ಕದವರನ್ನು ಕೇಳಿದರು. ದೇವರಲ್ಲ, ಫ್ಲಾರೆನ್ಸ್ ನೈಟಿಂಗೇಲ್ ಎಂದು ಅವರು ಹೇಳಿದರು. ಆ ಹೆಸರು ಅಪ್ಪನ ನಾಲಗೆಗೆ ಹೊರಳಲಿಲ್ಲ. ನನ್ನ ಪಾಲಿಗೂ ಅಂದಿನಿಂದ ಆಕೆಯೆಂದರೆ ರಾತ್ರಿಯ ಹೊತ್ತು ದೀಪ ಹಿಡಿದು ರೋಗಿಗಳ ತಲೆ ನೇವರಿಸುತ್ತಿದ್ದ ಒಬ್ಬ ಕರುಣಾಮಯಿ, ಅಷ್ಟೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹೈಸ್ಕೂಲಿನಲ್ಲಿಯೂ, ಈ ಕಾಲೇಜಿನ ಮೊದಲ ವರ್ಷದಲ್ಲಿಯೂ, ಅಕ್ಕ ಏನು ಮಾಡುತ್ತಾಳೆಂದು ಗೆಳೆಯರು ಕೇಳಿದರೆ ನಾನು ಆಫೀಸಿನ ಕೆಲಸವೆಂದು ಹೇಳುತ್ತಿದ್ದೆ. ನಮ್ಮೂರ ಕಡೆ ದಾದಿಯ ಕೆಲಸವೆಂದರೆ ಇನ್ನೂ ಮೂಗು ಮುರಿಯುವವರುಂಟು. ಕಂಡವರ ಮೈ ಮುಟ್ಟಬೇಕು, ರಾತ್ರಿ ಪಾಳಿ ಮಾಡಬೇಕು ಎಂಬ ಕಾರಣಕ್ಕೆ ಅಕ್ಕನಿಗೆ ಬಂದ ಎರಡು ಸಂಬಂಧಗಳು ಹಿಂದಕ್ಕೆ ಹೋದವು. ನನ್ನ ಫೀಸು, ಹಾಸ್ಟೆಲಿನ ಖರ್ಚು ಎಲ್ಲವೂ ಅವಳ ಸಂಬಳದಿಂದಲೇ ನಡೆಯುತ್ತಿದ್ದರೂ ನನ್ನ ನಾಲಗೆ ನಿಜ ಹೇಳಲು ಹಿಂಜರಿಯುತ್ತಿತ್ತು. ಎರಡನೆಯ ವರ್ಷದ ಬಿ.ಎ.ಯಲ್ಲಿ ಯುರೋಪಿನ ಇತಿಹಾಸ ಓದುವಾಗ ಕ್ರಿಮಿಯಾ ಯುದ್ಧದ ಪ್ರಸಂಗ ಬಂತು. ಅದರ ನೆಪದಲ್ಲಿ ನಮ್ಮ ಗ್ರಂಥಾಲಯದಲ್ಲಿ ನೈಟಿಂಗೇಲಳ ಚರಿತ್ರೆಯನ್ನು ತೆಗೆದುಕೊಂಡು ಓದತೊಡಗಿದೆ. ಓದಿದ ಮೇಲೆ ಆ ದೀಪದ ಚಿತ್ರ ನನ್ನ ಮನಸ್ಸಿನಲ್ಲಿ ಬಹುಮಟ್ಟಿಗೆ ಅಳಿಸಿಹೋಗಿ, ಅಲ್ಲಿ ಬೇರೊಬ್ಬ ಹೆಂಗಸು ಬಂದು ಕುಳಿತಳು. ಅವಳ ಕೈಯಲ್ಲಿದ್ದುದು ಲೆಕ್ಕದ ಪುಸ್ತಕ.

ಫ್ಲಾರೆನ್ಸ್ ಹುಟ್ಟಿದ್ದು ೧೮೨೦ನೆಯ ಇಸವಿ ಮೇ ೧೨ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆತಾಯಿಗಳು ಅಲ್ಲಿ ಪ್ರವಾಸದಲ್ಲಿದ್ದರು. ಊರಿನ ಹೆಸರನ್ನೇ ಮಗುವಿಗಿಟ್ಟರು. ತಂದೆ ವಿಲಿಯಂ ನೈಟಿಂಗೇಲ್ ದೊಡ್ಡ ಆಸ್ತಿವಂತ. ಇಂಗ್ಲೆಂಡಿನ ಡರ್ಬಿಷೈರಿನಲ್ಲೊಂದು, ಹ್ಯಾಂಪ್‌ಷೈರಿನಲ್ಲೊಂದು ಭಾರಿ ಮನೆ. ಗಂಡು ಸಂತಾನವಿಲ್ಲದ ಆತ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ತಾನೇ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ವಶಾಸ್ತ್ರಗಳನ್ನು ಕಲಿಸಿದ. ಅಕ್ಕ ಪಾರ್ಥೆನೋಪಿಗೆ ಪುಸ್ತಕಕ್ಕಿಂತ ಹೊಲಿಗೆ ಇಷ್ಟ. ತಂಗಿಗೆ ಪುಸ್ತಕ ಬಿಟ್ಟರೆ ಬೇರಿಲ್ಲ. ಅದರಲ್ಲಿಯೂ ಗಣಿತವೆಂದರೆ ಪ್ರಾಣ. ಮದುವೆಯಾಗಿ ಹೋಗುವ ಹುಡುಗಿಗೆ ಗಣಿತವೇಕೆಂದು ತಾಯಿ ಬಹಳ ದಿನ ತಡೆದಳು. ಹುಡುಗಿ ಪಟ್ಟು ಬಿಡದೆ ಕಲಿತಳು.

ಹದಿನಾರು ತುಂಬಿ ಹದಿನೇಳು ನಡೆಯುತ್ತಿದ್ದಾಗ, ೧೮೩೭ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆ ಬರೆದಿಟ್ಟುಕೊಂಡಿದ್ದಾಳೆ. ಯಾವ ಸೇವೆ ಎಂಬುದು ತಿಳಿಯಲು ಮತ್ತೆ ಕೆಲವು ವರ್ಷ ಬೇಕಾಯಿತು. ೧೮೪೫ರಲ್ಲಿ ಹತ್ತಿರದ ಸಾಲ್ಸ್‌ಬರಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ದಾದಿಯ ಕೆಲಸ ಕಲಿಯುತ್ತೇನೆಂದು ಮನೆಯಲ್ಲಿ ಹೇಳಿದಾಗ ಮನೆಯೇ ಅಲ್ಲೋಲಕಲ್ಲೋಲವಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ದಾದಿಯೆಂದರೆ ಬೇರೆಲ್ಲಿಯೂ ಕೂಲಿ ಸಿಗದ, ಕುಡಿತದ ಚಟವಿರುವ ಹೆಂಗಸು ಎಂದೇ ಹೆಸರು. ಡಿಕನ್ಸ್ ತನ್ನ ಒಂದು ಕಾದಂಬರಿಯಲ್ಲಿ ಮಿಸೆಸ್ ಗ್ಯಾಂಪ್ ಎಂಬ ಕುಡುಕ ದಾದಿಯನ್ನು ಚಿತ್ರಿಸಿ ನಾಡನ್ನೇ ನಗಿಸಿದ್ದ. ತಾಯಿ ಅತ್ತಳು, ಅಕ್ಕ ಮೂರ್ಛೆ ಹೋದಂತೆ ಮಾಡಿದಳು, ತಂದೆ ಮುಖ ತಿರುಗಿಸಿದ. ಫ್ಲಾರೆನ್ಸ್ ಸುಮ್ಮನಾದಳು, ಆದರೆ ಬೆಳಗಿನ ಜಾವದಲ್ಲಿ ಎದ್ದು, ಮನೆಯವರು ಏಳುವ ಮುನ್ನ, ಮೇಣದ ಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನು ತರಿಸಿ ಓದಿ ಟಿಪ್ಪಣಿ ಮಾಡಿಕೊಳ್ಳತೊಡಗಿದಳು. ಇದನ್ನು ಓದುವಾಗ ನಮ್ಮ ಮನೆಯೇ ನನ್ನ ಕಣ್ಣ ಮುಂದೆ ಬಂತು. ಅಕ್ಕ ತರಬೇತಿಗೆ ಹೊರಟಾಗ ಸೋದರಮಾವನೂ ಹೆಚ್ಚುಕಡಿಮೆ ಇದೇ ಮಾತುಗಳನ್ನಾಡಿದ್ದ. ಒಂದೇ ವ್ಯತ್ಯಾಸ. ಅಲ್ಲಿ ಸಿರಿತನ ಅಡ್ಡ ಬಂತು. ನಮ್ಮಲ್ಲಿ ಬಡತನವೇ ಒಪ್ಪಿಗೆ ಕೊಡಿಸಿತು.

ಮುಂದೆ ಎಂಟೊಂಬತ್ತು ವರ್ಷ ಆ ಹುಡುಗಿ ಮನೆಯೊಳಗೆ ಬೆಂದಳು. ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಸಭ್ಯ, ಸಾಹಿತ್ಯಪ್ರಿಯ ಗೃಹಸ್ಥ ಬಹುಕಾಲ ಕಾದು ವಿವಾಹಕ್ಕೆ ಕೇಳಿದ. ಆತನ ಮೇಲೆ ಪ್ರೀತಿಯಿದ್ದರೂ ೧೮೪೯ರಲ್ಲಿ ಆಕೆ ಬೇಡವೆಂದಳು. ಅದೇ ವರ್ಷ ಸ್ನೇಹಿತರೊಂದಿಗೆ ಈಜಿಪ್ಟಿಗೆ ಹೋದಳು. ಹಿಂದಿರುಗುವಾಗ ಅಥೆನ್ಸಿನ ಪಾಳುಗುಡಿಯ ಬಳಿ ಹುಡುಗರ ಕೈಗೆ ಸಿಕ್ಕಿದ್ದ ಒಂದು ಗೂಬೆಮರಿಯನ್ನು ಬಿಡಿಸಿಕೊಂಡು, ಅದಕ್ಕೆ ಅಥೀನಾ ಎಂದು ಹೆಸರಿಟ್ಟು, ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳಂತೆ. ಗೂಬೆ ಕಂಡರೆ ಬಾಗಿಲು ಹಾಕುವ ನಮ್ಮೂರಿನವರಿಗೆ ಇದನ್ನು ಹೇಳಿ ನಗಿಸಿದ್ದೇನೆ. ಆ ಪ್ರಯಾಣದಲ್ಲಿಯೇ ಜರ್ಮನಿಯ ರೈನ್ ನದಿಯ ಬಳಿ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಆಸ್ಪತ್ರೆಯನ್ನೂ ಅಲ್ಲಿ ಹೆಂಗಸರಿಗೆ ಕೊಡುತ್ತಿದ್ದ ಶಿಕ್ಷಣವನ್ನೂ ಕಂಡಳು. ೧೮೫೧ರಲ್ಲಿ ಮತ್ತೆ ಹೋಗಿ ಮೂರು ತಿಂಗಳು ಕಲಿತಳು. ಕೊನೆಗೆ ೧೮೫೩ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ, ರೋಗಿಗಳಾದ ಮರ್ಯಾದಸ್ಥ ಬಡ ಹೆಂಗಸರಿಗಾಗಿ ಇದ್ದ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ದೊರೆಯಿತು. ತಂದೆಯೂ ಸೋತು ವರ್ಷಕ್ಕೆ ೫೦೦ ಪೌಂಡು ಗೊತ್ತುಮಾಡಿದ.

ಅಲ್ಲಿ ಆಕೆ ಮೊದಲು ಕೇಳಿದ್ದು ಏನನ್ನು ಗೊತ್ತೇ? ಪ್ರತಿ ಅಂತಸ್ತಿಗೂ ಕೊಳವೆಯಲ್ಲಿ ಬಿಸಿನೀರು. ಕೆಳಗಿನ ಅಡಿಗೆಮನೆಯಿಂದ ಊಟವನ್ನು ಮೇಲಕ್ಕೇರಿಸಲು ಒಂದು ರಾಟೆ. ಯಾವ ರೋಗಿ ಕರೆದಳೆಂಬುದು ದಾದಿಗೆ ಕೂಡಲೆ ತಿಳಿಯುವಂಥ ಗಂಟೆಗಳು. ದಾದಿ ದಿನವೆಲ್ಲಾ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೆ ರೋಗಿಯ ಬಳಿ ಇರುವುದು ಯಾವಾಗ ಎಂಬುದು ಆಕೆಯ ಲೆಕ್ಕ. ಕರುಣೆಗೆ ಕಾಲುನೋವೂ ಉಂಟೆಂಬುದನ್ನು ಬಲ್ಲವರು ಮಾತ್ರ ಹೀಗೆ ಯೋಚಿಸಬಲ್ಲರು.

ಅಷ್ಟರಲ್ಲಿ ಯುದ್ಧ ಬಂತು. ೧೮೫೪ರ ಮಾರ್ಚಿಯಲ್ಲಿ ಇಂಗ್ಲೆಂಡೂ ಫ್ರಾನ್ಸೂ ತುರ್ಕಿಯ ಪಕ್ಷವಹಿಸಿ ರಷ್ಯದ ಮೇಲೆ ಯುದ್ಧ ಸಾರಿದವು. ಕಪ್ಪುಸಮುದ್ರದ ಕ್ರಿಮಿಯಾ ಪರ್ಯಾಯದ್ವೀಪದಲ್ಲಿ ಕಾಳಗ. ಗಾಯಾಳುಗಳನ್ನು ಹಡಗಿನಲ್ಲಿ ಸಾಗಿಸುತ್ತಿದ್ದುದು ಇಸ್ತಾಂಬುಲಿನ ಎದುರು ದಂಡೆಯ ಸ್ಕುಟಾರಿಗೆ. ಅಲ್ಲಿ ಬ್ಯಾಂಡೇಜಿಗೆ ಬಟ್ಟೆಯಿಲ್ಲ, ನೋಡಿಕೊಳ್ಳುವವರಿಲ್ಲ ಎಂದು ಟೈಮ್ಸ್ ಪತ್ರಿಕೆಯಲ್ಲಿ ವರದಿಗಳು ಬರತೊಡಗಿದಾಗ ಇಂಗ್ಲೆಂಡ್ ಕುದಿಯಿತು. ಯುದ್ಧಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ಫ್ಲಾರೆನ್ಸಳ ಸ್ನೇಹಿತ. ದಾದಿಯರ ತಂಡವನ್ನು ಕರೆದೊಯ್ಯಬೇಕೆಂದು ಆತ ಬರೆದ ಪತ್ರವೂ, ತಾನು ಹೋಗುತ್ತೇನೆಂದು ಆಕೆ ಬರೆದ ಪತ್ರವೂ ದಾರಿಯಲ್ಲಿ ಒಂದನ್ನೊಂದು ಹಾದುಹೋದವು. ಹೊರಡುವ ಗಡಿಬಿಡಿಯಲ್ಲಿ ಗೂಬೆಯನ್ನು ನೋಡಿಕೊಳ್ಳುವವರಿಲ್ಲದೆ ಅದು ಸತ್ತಿತು. ಅಕ್ಟೋಬರ್ ೨೧ರಂದು ೩೮ ಮಂದಿ ಹೆಂಗಸರೊಡನೆ ಆಕೆ ಲಂಡನ್ ಬಿಟ್ಟಳು. ಅವರಲ್ಲಿ ೨೪ ಮಂದಿ ಬೇರೆ ಬೇರೆ ಕ್ರೈಸ್ತ ಪಂಥಗಳ ಸೋದರಿಯರು. ೧೪ ಮಂದಿ ಆಸ್ಪತ್ರೆಗಳ ಕೂಲಿ ದಾದಿಯರು. ಒಬ್ಬರಿಗೊಬ್ಬರು ಹೊಂದದ ಈ ಗುಂಪನ್ನು ನಡೆಸುವುದೇ ಒಂದು ಯುದ್ಧವಾಗಿತ್ತು.

ನವೆಂಬರ್ ೪ರಂದು ಸ್ಕುಟಾರಿ ತಲಪಿದರು. ಅಲ್ಲಿನ ಆಸ್ಪತ್ರೆ ನಿಜವಾಗಿ ತುರ್ಕರ ಒಂದು ದೊಡ್ಡ ಸೈನಿಕವಸತಿ. ನಡುವೆ ಅಂಗಳ, ಸುತ್ತಲೂ ಉದ್ದುದ್ದ ಮೊಗಸಾಲೆಗಳು. ಆ ಮೊಗಸಾಲೆಗಳ ನೆಲದ ಮೇಲೆಯೇ ಸಾಲುಸಾಲಾಗಿ ಮನುಷ್ಯರು. ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡ ಮೋರಿಗಳು, ಮೇಲೆ ಇಲಿ, ಹೇನು. ಇಂಥ ಕಡೆ ಸೇನಾವೈದ್ಯರು ಈ ಹೆಂಗಸರನ್ನು ಸ್ವಾಗತಿಸಲಿಲ್ಲ. ಲಂಡನ್ನಿನವರು ಕಳಿಸಿದ ಗೂಢಚಾರರೆಂದೇ ಭಾವಿಸಿದರು. ಇಲ್ಲಿ ಫ್ಲಾರೆನ್ಸ್ ಮಾಡಿದ ಕೆಲಸ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ವೈದ್ಯರು ಕೇಳುವ ತನಕ ಒಬ್ಬ ದಾದಿಯೂ ಒಬ್ಬ ರೋಗಿಯನ್ನೂ ಮುಟ್ಟಕೂಡದೆಂದು ಆಕೆ ಆಜ್ಞೆ ಮಾಡಿದಳು. ಕಣ್ಣೆದುರು ನರಳುವವರಿದ್ದರೂ ಹಳೆಯ ಬಟ್ಟೆ ವಿಂಗಡಿಸುತ್ತ, ದಿಂಬು ಹೊಲಿಯುತ್ತ ಕುಳಿತರು. ಜೊತೆಯ ಹೆಂಗಸರೇ ಆಕೆಯನ್ನು ಕಲ್ಲೆದೆಯವಳೆಂದುಕೊಂಡರು. ಆದರೆ ಇಂಕರ್ಮನ್ ಕಾಳಗದ ಗಾಯಾಳುಗಳು ಹಡಗುಹಡಗಾಗಿ ಬಂದಿಳಿದಾಗ ವೈದ್ಯರೇ ಬಂದು ಕರೆದರು. ಅಂದಿನಿಂದ ದಾದಿ ಆ ಆಸ್ಪತ್ರೆಯಲ್ಲಿ ಬೇಡದ ಅತಿಥಿಯಾಗಿ ಉಳಿಯಲಿಲ್ಲ.

ಆಮೇಲಿನದು ಗೃಹಕೃತ್ಯ. ಟೈಮ್ಸ್ ಪತ್ರಿಕೆ ಕೂಡಿಸಿದ ನಿಧಿಯಿಂದಲೂ ಸ್ವಂತ ಹಣದಿಂದಲೂ ಅಂಗಿ, ಟವೆಲು, ಚಮಚ, ನೆಲ ತಿಕ್ಕುವ ಬ್ರಷ್ಷು, ಸಾಬೂನುಗಳನ್ನು ಕೊಂಡಳು. ಪಕ್ಕದಲ್ಲಿ ಒಂದು ಮನೆ ಬಾಡಿಗೆ ಹಿಡಿದು ಹಂಡೆಗಳನ್ನಿರಿಸಿ, ಸೈನಿಕರ ಹೆಂಡಿರಿಂದ ಬಟ್ಟೆ ಒಗೆಸಿದಳು. ಗಂಜಿ, ಸಾರು ಬೇಯಿಸಲು ಪ್ರತ್ಯೇಕ ಅಡಿಗೆಮನೆಗಳನ್ನು ತೆರೆದಳು. ಸತ್ತವರ ಮನೆಗಳಿಗೆ ತಾನೇ ಕಾಗದ ಬರೆದಳು. ಬದುಕಿದವರು ಸಂಬಳವನ್ನು ಕುಡಿದು ಕಳೆಯದೆ ಊರಿಗೆ ಕಳುಹಿಸಲು ಏರ್ಪಾಡು ಮಾಡಿದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಹಿಡಿದು ಸುತ್ತುತ್ತಿದ್ದುದೂ ನಿಜವೇ. ಆದರೆ ಅದು ನಮ್ಮ ಚಿತ್ರಗಳಲ್ಲಿ ಕಾಣುವಂಥ ಹಣತೆಯಲ್ಲ, ಮಡಿಚಬಹುದಾದ ತುರ್ಕಿ ಲಾಟೀನು. ೧೮೫೫ರ ಆರಂಭದಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಆ ದೃಶ್ಯವನ್ನು ಅಚ್ಚುಹಾಕಿತು. ಜಗತ್ತು ಅದನ್ನೇ ಹಿಡಿದುಕೊಂಡಿತು.

ಇಷ್ಟಾದರೂ ಸಾವು ಇಳಿಯಲಿಲ್ಲ. ಇದು ನಾನು ಓದಿದುದರಲ್ಲೆಲ್ಲಾ ಹೆಚ್ಚು ಕಹಿಯಾದ ಸಂಗತಿ. ೧೮೫೫ರ ಫೆಬ್ರವರಿಯಲ್ಲಿ, ಎಂದರೆ ಆಕೆ ಬಂದು ಮೂರು ತಿಂಗಳಾದ ಮೇಲೆ, ಸ್ಕುಟಾರಿಯಲ್ಲಿ ನೂರು ರೋಗಿಗಳಲ್ಲಿ ಸುಮಾರು ೪೨ ಮಂದಿ ಸಾಯುತ್ತಿದ್ದರು. ಕಾಲರಾ, ಆಮಶಂಕೆ, ವಿಷಮಜ್ವರಗಳೇ ಕೊಲ್ಲುತ್ತಿದ್ದುವು. ಗುಂಡೇಟಿನಿಂದ ಸತ್ತವರು ಸ್ವಲ್ಪ ಮಂದಿ. ಮಾರ್ಚಿಯಲ್ಲಿ ಹೊಸ ಸರ್ಕಾರ ಆರೋಗ್ಯ ಆಯೋಗವೊಂದನ್ನು ಕಳಿಸಿತು. ಡಾಕ್ಟರ್ ಸದರ್ಲೆಂಡ್, ಎಂಜಿನಿಯರ್ ರಾಲಿನ್ಸನ್ ಅದರಲ್ಲಿದ್ದರು. ಅವರು ಕಟ್ಟಡದ ಅಡಿಯ ಮೋರಿಗಳನ್ನು ಅಗೆಸಿ ತೊಳೆಸಿದರು, ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಕುದುರೆಯ ಹೆಣವನ್ನು ತೆಗೆಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಗೆ ಕಿಂಡಿ ಬಿಡಿಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಸುಮಾರಿಗೆ ಇಳಿದಿತ್ತು. ಅದೇ ದಾದಿಯರು, ಅದೇ ಆಸ್ಪತ್ರೆ.

ಮೇ ತಿಂಗಳಲ್ಲಿ ಆಕೆ ಬಾಲಕ್ಲಾವಕ್ಕೆ ಹೋದಾಗ ತಾನೇ ಜ್ವರ ಹಿಡಿದು ಸಾವಿನ ದವಡೆಯವರೆಗೆ ಹೋಗಿ ಬಂದಳು; ಆ ರೋಗದ ಬಾಧೆ ಹಲವಾರು ವರ್ಷ ಬಿಡಲಿಲ್ಲ. ಯುದ್ಧ ಮುಗಿದು ೧೮೫೬ರ ಆಗಸ್ಟಿನಲ್ಲಿ ಹಿಂದಿರುಗುವಾಗ ಮೆರವಣಿಗೆಗಳು ಕಾದಿದ್ದುವು. ಆಕೆ ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿ, ಯಾರಿಗೂ ತಿಳಿಯದಂತೆ ಊರ ರೈಲುನಿಲ್ದಾಣದಲ್ಲಿಳಿದು ಮನೆಗೆ ನಡೆದುಹೋದಳು.

ಮುಂದೆ ಮಾಡಿದ ಕೆಲಸದಿಂದಲೇ ಆಕೆ ದೊಡ್ಡವಳೆಂದು ನನ್ನ ಅಭಿಪ್ರಾಯ. ವಿಕ್ಟೋರಿಯಾ ರಾಣಿಯನ್ನು ಕಂಡು ಮಾತನಾಡಿ, ಸೈನ್ಯದ ಆರೋಗ್ಯವನ್ನು ಕುರಿತು ರಾಯಲ್ ಕಮಿಷನ್ ನೇಮಿಸುವಂತೆ ಮಾಡಿದಳು. ಹೆಂಗಸಾದ್ದರಿಂದ ಆಕೆ ಅದರ ಸದಸ್ಯಳಾಗುವಂತಿರಲಿಲ್ಲ. ಹಿಂದೆ ಕುಳಿತು ಅಂಕಿಗಳನ್ನು ಒದಗಿಸಿದಳು. ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞನೊಡನೆ ಸ್ಕುಟಾರಿಯ ಸಾವಿನ ಪಟ್ಟಿಗಳನ್ನು ಬಿಡಿಸುತ್ತಾ ಹೋದಳು. ಅಲ್ಲಿಯವರೆಗೆ ಆಕೆ ನಂಬಿದ್ದುದು, ಹೊಟ್ಟೆಗಿಲ್ಲದೆ ದಣಿದು, ತಡವಾಗಿ ಬಂದದ್ದರಿಂದ ಸೈನಿಕರು ಸತ್ತರೆಂದು. ಅಂಕಿಗಳು ಬೇರೆ ಹೇಳಿದವು. ಕೊಂದದ್ದು ಆ ಕಟ್ಟಡವೇ. ಆಕೆ ಗಂಜಿ ಬೇಯಿಸಿ, ಬಟ್ಟೆ ಒಗೆಸಿ, ರಾತ್ರಿ ಸುತ್ತಿದ ಅದೇ ಕಟ್ಟಡ. ಮೋರಿಯ ಕಡೆಗೆ ಆಕೆಯ ಗಮನವೂ ಮೊದಲೇ ಹರಿದಿರಲಿಲ್ಲ. ಜಗತ್ತು ದೇವತೆಯೆಂದು ಕೈಮುಗಿಯುತ್ತಿದ್ದ ಕಾಲದಲ್ಲಿ ಈ ಲೆಕ್ಕವನ್ನು ಮುಚ್ಚಿಡುವುದು ಸುಲಭವಾಗಿತ್ತು. ಆಕೆ ಮುಚ್ಚಿಡಲಿಲ್ಲ; ಅಚ್ಚುಹಾಕಿಸಿ ಹಂಚಿದಳು. ೧೮೫೮ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಿಂಗಳಿಗೊಂದು ದಳದಂತೆ, ಹೂವಿನ ಹಾಗೆ ಹರಡಿದ ಬಣ್ಣದ ನಕ್ಷೆ ಇದೆ. ನೀಲಿ ಬಣ್ಣ ತಡೆಯಬಹುದಾಗಿದ್ದ ರೋಗಗಳ ಸಾವು, ಕೆಂಪು ಗಾಯದ ಸಾವು, ಕಪ್ಪು ಇತರೆ. ಅಂಕಿಪಟ್ಟಿ ಓದದ ಮಂತ್ರಿಯೂ ಚಿತ್ರ ನೋಡಿಯಾನೆಂಬ ಯುಕ್ತಿ. ಆ ನೀಲಿ ದಳಗಳ ಮುಂದೆ ಕೆಂಪು ಒಂದು ಚೂರು ಮಾತ್ರ ಕಾಣುತ್ತದೆ. ಅದೇ ವರ್ಷ ಲಂಡನ್ನಿನ ಅಂಕಿಅಂಶ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯಳನ್ನಾಗಿ ಚುನಾಯಿಸಿತು.

ಜನರು ಕೃತಜ್ಞತೆಯಿಂದ ಕೂಡಿಸಿದ ನಿಧಿ ೪೪,೦೦೦ ಪೌಂಡನ್ನು ಮೀರಿತ್ತು. ಆ ಹಣದಿಂದ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ತೆರೆಯಿತು. ಒಂದು ವರ್ಷದ ಶಿಕ್ಷಣ, ಇರಲು ವಸತಿ, ತಿಂಗಳು ತಿಂಗಳೂ ಒಬ್ಬೊಬ್ಬಳ ಕೆಲಸ ನಡತೆಗಳ ದಾಖಲೆ. ಅಲ್ಲಿ ಕಲಿತವರನ್ನು ಬೇರೆ ಆಸ್ಪತ್ರೆಗಳಿಗೆ ಮೇಲ್ವಿಚಾರಕಿಯರಾಗಿ ಕಳಿಸುವುದು ಆಕೆಯ ಉದ್ದೇಶ. ಆಗ್ನೆಸ್ ಜೋನ್ಸ್ ೧೮೬೫ರಲ್ಲಿ ಲಿವರ್‌ಪೂಲಿನ ಬಡವರ ಆಸ್ಪತ್ರೆಗೆ ಹೋಗಿ, ಅದನ್ನು ನೆಟ್ಟಗೆ ಮಾಡಿ, ಮೂರೇ ವರ್ಷದಲ್ಲಿ ಜ್ವರಕ್ಕೆ ಬಲಿಯಾದಳು. ಲೂಸಿ ಆಸ್ಬರ್ನ್ ೧೮೬೮ರಲ್ಲಿ ಐವರು ದಾದಿಯರೊಡನೆ ಸಿಡ್ನಿ ತಲಪಿದಳು. ಶುಶ್ರೂಷೆಯನ್ನು ಕುರಿತು ಫ್ಲಾರೆನ್ಸ್ ಬರೆದ ಚಿಕ್ಕ ಪುಸ್ತಕದಲ್ಲಿ ನನಗೆ ಹಿಡಿಸಿದ ಅಧ್ಯಾಯ, ಸಣ್ಣಪುಟ್ಟ ವ್ಯವಸ್ಥೆಗಳನ್ನು ಕುರಿತದ್ದು. ತಾನು ಇದ್ದಾಗ ಚೆನ್ನಾಗಿ ನಡೆಯುವ ಕೆಲಸ ತಾನಿಲ್ಲದಾಗಲೂ ಹಾಗೆಯೇ ನಡೆಯುವಂತೆ ಏರ್ಪಡಿಸಲಾರದವಳ ಸೇವೆ ಎಷ್ಟಿದ್ದರೂ ವ್ಯರ್ಥವೆಂಬುದು ಅದರ ಸಾರ. ದಾದಿ ಒಬ್ಬಳು ಪ್ರಾಣ ಕೊಟ್ಟು ದುಡಿದರೂ, ಅವಳು ಮನೆಗೆ ಹೋದ ರಾತ್ರಿ ರೋಗಿಗೆ ನೀರು ಕೊಡುವವರಿಲ್ಲದಿದ್ದರೆ ಏನು ಬಂತು?

ನಮ್ಮ ದೇಶಕ್ಕೂ ಆಕೆಗೂ ಸಂಬಂಧವಿದೆ. ಆಕೆ ಹಿಂದೂಸ್ಥಾನಕ್ಕೆ ಎಂದೂ ಬರಲಿಲ್ಲ; ಹಾಸಿಗೆಯ ಮೇಲಿಂದಲೇ ಇಲ್ಲಿನ ಮೋರಿ, ಬಾವಿಗಳ ಲೆಕ್ಕ ಹಾಕಿದಳು. ೧೮೫೯ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿಗಾಗಿ ಇಲ್ಲಿನ ದಂಡಿನ ಠಾಣೆಗಳಿಗೆಲ್ಲ ಪ್ರಶ್ನೆಪಟ್ಟಿ ಕಳುಹಿಸಿ ಉತ್ತರ ತರಿಸಿದಳು. ೧೮೬೩ರ ವರದಿ ಹೊರಬಂದಾಗ, ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ ಮಂದಿ ಸಾಯುತ್ತಿದ್ದರೆಂದು ತಿಳಿಯಿತು. ಹತ್ತು ವರ್ಷದ ಮೇಲೆ, ೧೮೭೩ರಲ್ಲಿ, ಅದು ೧೮ಕ್ಕೆ ಇಳಿದುದನ್ನು ಆಕೆಯೇ ಬರೆದಳು. ಮೊದಲು ಸೈನಿಕರ ವಿಷಯವಾಗಿ ತೊಡಗಿದವಳು ಕ್ರಮೇಣ ರೈತರ ಕಡೆಗೆ ತಿರುಗಿದಳು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರದ ಬರವೆಂದು ನೆನೆಯುವ, ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನೂ ಮದರಾಸು, ಮುಂಬಯಿ ಪ್ರಾಂತಗಳನ್ನೂ ಸುಟ್ಟ ಕ್ಷಾಮದ ಕಾಲದಲ್ಲಿ, ನೀರಾವರಿ ಬೇಕು, ರೈತನ ಸಾಲದ ಹೊರೆ ಇಳಿಯಬೇಕು ಎಂದು ಲಂಡನ್ನಿನ ಪತ್ರಿಕೆಗಳಲ್ಲಿ ವಾದಿಸಿದವರಲ್ಲಿ ಈ ಹಾಸಿಗೆ ಹಿಡಿದ ಹೆಂಗಸೂ ಒಬ್ಬಳು.

ಆಕೆಯ ದೋಷಗಳನ್ನು ಮುಚ್ಚಬೇಕಾಗಿಲ್ಲ. ಹಟಮಾರಿ; ಜೊತೆಯಲ್ಲಿ ದುಡಿದವರನ್ನು ಹಿಂಡುತ್ತಿದ್ದಳು. ರೋಗ ಹರಡುವುದು ಕೆಟ್ಟ ಗಾಳಿಯಿಂದಲೆಂದು ಬಹುಕಾಲ ನಂಬಿದ್ದು, ರೋಗಾಣುವಿನ ಮಾತನ್ನು ತಡವಾಗಿ ಒಪ್ಪಿದಳು. ದಾದಿಯರಿಗೆ ಪರೀಕ್ಷೆ ನಡೆಸಿ ಸರ್ಕಾರದ ಪಟ್ಟಿಯಲ್ಲಿ ಹೆಸರು ದಾಖಲಿಸಬೇಕೆಂಬ ಚಳವಳಿ ಎದ್ದಾಗ, ಒಳ್ಳೆಯ ಗುಣವನ್ನು ಪರೀಕ್ಷೆ ಅಳೆಯಲಾರದೆಂದು ವಿರೋಧಿಸಿದಳು. ಇಂಗ್ಲೆಂಡಿನಲ್ಲಿ ಆ ಕಾನೂನು ಬಂದುದು ೧೯೧೯ರಲ್ಲಿ, ಆಕೆ ತೀರಿಹೋದ ಮೇಲೆ. ಈ ವಿಷಯದಲ್ಲಿ ನಾನು ಆಕೆಯ ವಿರುದ್ಧ ಪಕ್ಷದವನು. ನನ್ನ ಅಕ್ಕ ತನ್ನ ನೋಂದಣಿ ಪತ್ರವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಟ್ರಂಕಿನ ತಳದಲ್ಲಿ, ಅಮ್ಮನ ಧಾರೆ ಸೀರೆಯ ಕೆಳಗೆ ಭದ್ರಪಡಿಸಿದ್ದಾಳೆ. ಒಳ್ಳೆಯ ಗುಣವೊಂದನ್ನೇ ನೆಚ್ಚಿಕೊಂಡಿದ್ದರೆ ನಮ್ಮಂಥವರ ಮನೆಯ ಹುಡುಗಿಯ ಮಾತನ್ನು ಆಸ್ಪತ್ರೆಯ ಬಾಗಿಲಲ್ಲಿ ಯಾರು ಕೇಳುತ್ತಿದ್ದರು?

೧೯೦೭ರಲ್ಲಿ ಆರ್ಡರ್ ಆಫ್ ಮೆರಿಟ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಮಹಿಳೆ ಆಕೆ. ಅಷ್ಟರಲ್ಲಿ ಕಣ್ಣು ಹೋಗಿತ್ತು, ನೆನಪೂ ಮಾಸಿತ್ತು. ೧೯೧೦ರ ಆಗಸ್ಟ್ ೧೩ರಂದು, ತೊಂಬತ್ತು ವರ್ಷ ತುಂಬಿದ ಮೇಲೆ ಪ್ರಾಣಬಿಟ್ಟಳು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಗೌರವವನ್ನು ಬಂಧುಗಳು ಒಲ್ಲೆವೆಂದರು. ಹ್ಯಾಂಪ್‌ಷೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ತಂದೆತಾಯಿಗಳ ಬಳಿ ಮಣ್ಣುಮಾಡಿದರು. ಕಲ್ಲಿನ ಮೇಲೆ ಆಕೆಯ ಪಾಲಿಗೆ ಎರಡು ಅಕ್ಷರ, ಹುಟ್ಟುಸಾವುಗಳ ತೇದಿ ಮಾತ್ರ ಇವೆ.

ಈ ಲೇಖನವನ್ನು ಕಳೆದ ರಜೆಯಲ್ಲಿ ಅಕ್ಕನಿಗೆ ಓದಿ ಹೇಳಿದೆ. ಅವಳು ರಾತ್ರಿ ಪಾಳಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು. ಗೂಬೆಯ ಕಥೆಗೆ ನಕ್ಕಳು. ಬಣ್ಣದ ನಕ್ಷೆಯ ಮಾತು ಬಂದಾಗ ತೋರಿಸೆಂದು ಪುಸ್ತಕ ತೆಗೆದುಕೊಂಡು, ನೀಲಿ ದಳಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ, ತಮ್ಮ ವಾರ್ಡಿನ ಗೋಡೆಗೂ ಇಂಥದೊಂದು ಹಾಳೆ ಅಂಟಿಸಿದ್ದಾರೆ, ಡ್ರಿಪ್ ಹಾಕಿದ ಕೈ ಊದಿಕೊಂಡವರು, ಮಲಗಿದಲ್ಲೇ ಬೆನ್ನು ಹುಣ್ಣಾದವರು ತಿಂಗಳಿಗೆ ಎಷ್ಟು ಮಂದಿಯೆಂದು ಅದರಲ್ಲಿ ತುಂಬುವವಳು ತಾನೇ ಎಂದಳು. ಕಳೆದ ತಿಂಗಳು ಬೆನ್ನು ಹುಣ್ಣಾದವರು ಇಬ್ಬರು. ಈ ತಿಂಗಳು ಇನ್ನೂ ಯಾರೂ ಇಲ್ಲವಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಇದನ್ನು ಕೇಳಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ನಿಲ್ದಾಣದವರೆಗೂ ಅವಳ ಚೀಲ ಹಿಡಿದುಕೊಂಡು ನಾನೂ ಹೋದೆ. ಅಲ್ಲಿ ನಮ್ಮ ತರಗತಿಯ ಇಬ್ಬರು ಗೆಳೆಯರು ನಿಂತಿದ್ದರು. ಇವರು ನನ್ನಕ್ಕ, ಆಸ್ಪತ್ರೆಯಲ್ಲಿ ನರ್ಸ್ ಎಂದು ಪರಿಚಯ ಮಾಡಿಕೊಟ್ಟೆ.